ಡಾಕ್ಟರ ದನಿ, ಒಡೆದ ಎಣ್ಣೆ

ಅತ್ತೆಯ ಕೋಳಿಗಳಿಗೆಂದು ತಂದ ಹೊಸ ಎಣ್ಣೆಯ ಲಸಿಕೆಯನ್ನು ಹಾಳು ಮಾಡಿದವನು ನಾನೇ. ಕೈಯಲ್ಲಿ ಮುಟ್ಟಿಯೂ ಇರಲಿಲ್ಲ. ಬರೀ ಬಾಯಲ್ಲಿ ಹಾಳು ಮಾಡಿದೆ. ನನಗೆ ಬರುತ್ತಿದ್ದುದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ಬಸ್ ಕಂಡಕ್ಟರು, ಮೇಷ್ಟ್ರು, ನಮ್ಮಪ್ಪನ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ನಿನ್ನ ದನಿ ಯಾವುದು ಎಂದು ಕೇಳಿದ್ದರೆ ಮಾತ್ರ ತಡವರಿಸುತ್ತಿದ್ದೆ.

ಆಗ ತೊಂಬತ್ತರ ದಶಕ. ಕಾಮಗೆರೆಯಲ್ಲಿ ಅತ್ತೆ ಮೊಟ್ಟೆಕೋಳಿ ಸಾಕಿದ್ದಳು. ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಕೊಕ್ಕರೆ ರೋಗದ ಲಸಿಕೆಯಲ್ಲಿ ಸತ್ತ ರೋಗಾಣುವನ್ನು ಎಣ್ಣೆಯ ಜೊತೆ ಕಡೆದಿರುತ್ತಾರೆ. ಎಣ್ಣೆಯಿದ್ದರೆ ಗುಣ ಬಹಳ ದಿನ ನಿಲ್ಲುತ್ತದೆ. ಆದರೆ ಹಳೆಯ ಲಸಿಕೆಯ ಎಣ್ಣೆ ಮಂದ. ಚುಚ್ಚಿದ ಕಡೆ ಕತ್ತಿನಲ್ಲಿ ಗಂಟು ಕಟ್ಟಿ, ಕೋಳಿಗಳು ಮೇವು ಬಿಟ್ಟು, ಮೊಟ್ಟೆ ಇಳಿದುಹೋಗುತ್ತಿತ್ತು. ಅತ್ತೆಯ ಗೋಳು ಕೇಳಿ ಕೊಳ್ಳೇಗಾಲದ ಡಾಕ್ಟರು ತೆಳು ಎಣ್ಣೆಯ ಹೊಸ ಲಸಿಕೆ ತಂದುಕೊಟ್ಟರು.

“ಫ್ರಿಜ್ಜಿನ ಕೆಳಗಡೆ ಖಾನೇಲಿ ಇಡಮ್ಮ, ತಿಳೀತಾ? ಐಸಾಗಬಾರದು. ನಾಳೆ ಬಂದು ಹಾಕ್ತೀನಿ, ತಿಳೀತಾ?”

ಪಕ್ಕದಲ್ಲೇ ನಿಂತಿದ್ದೆ. ಅವರು ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ. ಆ ‘ತಿಳೀತಾ’ ಮಾತ್ರ ಹೋಯಿತು.

ಸಂಜೆ ಶೆಡ್ಡಿನ ಗೋಡೆಯಾಚೆ ನಿಂತು ಮೊದಲು ಅವರ ಮೊಪೆಡ್ಡಾದೆ, ಆಮೇಲೆ ಅವರ ಕೆಮ್ಮು, ಆಮೇಲೆ ಅವರೇ: “ಕರೆಂಟ್ ಹೋದ್ರೂ ಹೋಗಬಹುದು, ಬಾಟ್ಲಿಯನ್ನ ಮೇಲ್ಗಡೆ ಐಸಲ್ಲಿಡಮ್ಮ, ತಿಳೀತಾ?”

“ಆಯ್ತು ಸಾ,” ಎಂದಳು ಅತ್ತೆ, ಒಳಗೆ ಮೇವು ಕಲಸುತ್ತ.

ಹೊರಗೆ ಬಂದು ಬೈಯುತ್ತಾಳೆಂದು ಕಾದೆ. ಬರಲಿಲ್ಲ. ನಕ್ಕುಕೊಂಡು ಉಣ್ಣಲು ಹೋದೆ.

ಬೆಳಿಗ್ಗೆ ಬಾಟ್ಲಿ ಕಲ್ಲಾಗಿತ್ತು. ಕರಗಿದ ಮೇಲೆ ನೋಡಿದರೆ ಮೇಲೆ ಎಣ್ಣೆ, ಕೆಳಗೆ ನೀರು.

“ಒಡೆದುಹೋಯ್ತಲ್ಲಮ್ಮ. ಎಷ್ಟು ಅಲ್ಲಾಡಿಸಿದ್ರೂ ಇನ್ನು ಕೂಡಲ್ಲ. ಐಸಲ್ಲಿ ಯಾಕಿಟ್ಟೆ?” ಎಂದರು ಡಾಕ್ಟರು.

“ನೀವೇ ತಾನೆ ಸಾ, ನೆನ್ನೆ ಸಂಜೆ ಬಂದು ಯೋಳಿದ್ದು?”

“ನಾನಾ? ಸಂಜೆ ನಾನು ಹನೂರಲ್ಲಿದ್ದೆ!”

ಇಬ್ಬರೂ ತಿರುಗಿ ನನ್ನನ್ನು ನೋಡಿದರು.

ಇನ್ನೊಂದು ಬಾಟ್ಲಿ ಇರಲಿಲ್ಲ. ಯಳಂದೂರಿನ ಕಡೆ ರೋಗ ಕಾಣಿಸಿಕೊಂಡಿತ್ತು, ಕಾಯುವಂತಿರಲಿಲ್ಲ. ಹಳೆಯ ಮಂದ ಲಸಿಕೆಯನ್ನೇ ಹಾಕಿದರು. ಒಂದೊಂದೇ ಕೋಳಿಯನ್ನು ಹಿಡಿದುಕೊಟ್ಟವನು ನಾನು. ಸ್ವಲ್ಪ ದಿನಕ್ಕೇ ಗಂಟುಗಳೆದ್ದವು. ಕತ್ತು ಬಗ್ಗಿಸಲಾರದೆ ಕೋಳಿಗಳು ಮೇವಿನ ಮುಂದೆ ಸುಮ್ಮನೆ ನಿಂತಿರುತ್ತಿದ್ದವು. ಅತ್ತೆ ಬೈಯಲಿಲ್ಲ, ಮೇವಿನ ತಟ್ಟೆಯನ್ನು ಅವುಗಳ ಕೊಕ್ಕಿನ ಎತ್ತರಕ್ಕೆ ಎತ್ತಿ ಹಿಡಿಯುತ್ತಿದ್ದಳು. ಬೈದಿದ್ದರೆ ಆ ಬೈಗುಳವನ್ನಾದರೂ ಕಲಿತುಕೊಳ್ಳುತ್ತಿದ್ದೆ. ಒಂದು ಸಲ ನಗಿಸಿಬಿಟ್ಟರೆ ಸರಿಹೋದೀತೆಂದು, ಡಾಕ್ಟರ ಹಾಗೇ ಕೆಮ್ಮಿ, “ತಪ್ಪಾಯ್ತಮ್ಮ, ತಿಳೀತಾ?” ಎಂದೆ.

ಅತ್ತೆ ಮಡಿಲಲ್ಲಿದ್ದ ಕೋಳಿಯ ಕತ್ತು ನೀವುತ್ತಲೇ ಹೇಳಿದಳು: “ಡಾಕ್ಟ್ರೇನ್ಲಾ ತಪ್ಪು ಮಾಡವ್ರೆ? ನಿನ್ ಗಂಟ್ಲಲ್ಲಿ ಯೋಳು.”