ಸತ್ತವನ ಬೂಟಿಗೆ ಕಾಯುವುದು

ನನ್ನ ಕಾಲು ಒಂಬತ್ತನೆಯ ನಂಬರಿನದು. ಇದನ್ನು ತಿಳಿದು ನಿಮಗೆ ಆಗಬೇಕಾದದ್ದೇನೂ ಇಲ್ಲ. ಆದರೆ ಒಮ್ಮೆ ಒಬ್ಬ ದೊಡ್ಡ ಸಾಹೇಬರ ಮುಂದೆ ಕೈಕಟ್ಟಿ ನಿಂತು ನಾನು ಈ ಸಂಗತಿಯನ್ನು ಅರಿಕೆ ಮಾಡಿಕೊಂಡಿದ್ದೇನೆ. ಅವರೂ ಅವರ ಜೊತೆ ಕುಳಿತಿದ್ದ ಇನ್ನಿಬ್ಬರೂ ಚಹದ ಕಪ್ಪು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ವರ್ಷಗಳು ಕಳೆದವು, ಆ ನಗು ಮಾತ್ರ ನನ್ನ ಕಿವಿಯಿಂದ ಇನ್ನೂ ಪೂರ್ತಿ ಇಳಿದಿಲ್ಲ.

ಆಗ ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕಾರಕೂನ. ಮಿಲ್ಲೂ ಹೊಸದು, ನಾನೂ ಹೊಸಬ. ನಮ್ಮ ಸೀಮೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿ ನಾಲ್ಕಾರು ವರ್ಷವಾಗಿತ್ತು. ನನಗೆ ಕೊಟ್ಟದ್ದು ಟೈಮ್ ಆಫೀಸು. ಅಂದರೆ ಮಿಲ್ಲಿನ ಸೈರನ್ನು, ನಮ್ಮ ಮಾತಿನ ಭೊಂಗಾ, ಕೂಗಿದಾಗ ಯಾರು ಗೇಟಿನ ಒಳಗಿದ್ದರು, ಯಾರು ಹೊರಗಿದ್ದರು ಎಂದು ಬರೆದಿಡುವ ಜಾಗ. ಅಲ್ಲಿ ನನ್ನ ಮೇಲೆ ಒಬ್ಬರೇ ಇದ್ದರು, ಹೆಡ್ ಕ್ಲಾರ್ಕ್ ಗುರುಸಿದ್ದಪ್ಪನವರು. ಹಳಿಯಾಳದವರು, ಐವತ್ತು ದಾಟಿದವರು, ಗಿಡ್ಡ ಆಳು. ಹಣೆಯ ವಿಭೂತಿ ಸಂಜೆಯ ಭೊಂಗಾದವರೆಗೂ ಅಳಿಸದಂತೆ ಇಟ್ಟುಕೊಳ್ಳುವ ಶಿಸ್ತು ಅವರದು. ಅಂಥ ಶಿಸ್ತಿನ ಮನುಷ್ಯ, "ತಮ್ಮಾ, ಅವನ ಹೆಸರಿನ ಮುಂದ ಲೇಟ್ ಬರೀಬ್ಯಾಡ. ಅವ ಹೊಳಿ ದಾಟಿ ಬರ್ತಾನ, ದೋಣಿ ಅಂವನ ಮಾತ ಕೇಳೂದಿಲ್ಲ" ಎಂದು ನನ್ನ ಪೆನ್ನು ತಡೆಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರಿಗೆ ಕಾಮಣಿಯಾಯಿತು. ಕಣ್ಣು, ಉಗುರು ಎಲ್ಲ ಅರಿಸಿನ. ಡಾಕ್ಟರು ರಜೆ ಹಾಕಿಸಿ ಹಳಿಯಾಳಕ್ಕೆ ಕಳಿಸಿದರು. ಡಾಕ್ಟರ ಔಷಧ ಒಂದು ಕಡೆ ನಡೆದರೆ ಇನ್ನೊಂದು ಕಡೆ ಜೋಯಿಡಾದ ಒಬ್ಬ ಮುದುಕನ ಬೇರು ನಡೆದಿತ್ತು. ಆತ ವಾರಕ್ಕೊಮ್ಮೆ ದಾಂಡೇಲಿಯ ಸಂತೆಗೆ ಬಂದು ಕೊಡುತ್ತಿದ್ದ ಬೇರನ್ನು ನಾನು ರವಿವಾರ ಬಸ್ಸು ಹತ್ತಿ ಹಳಿಯಾಳಕ್ಕೆ ಮುಟ್ಟಿಸುತ್ತಿದ್ದೆ. ಬೇರಿನ ಜೊತೆಗೆ ಒಂದು ವಾರದ ಆಫೀಸಿನ ಸುದ್ದಿಯನ್ನೂ ಮುಟ್ಟಿಸುತ್ತಿದ್ದೆ. ಉಪ್ಪು, ಎಣ್ಣೆ, ಖಾರ ಬಿಟ್ಟು ಗಂಜಿ ಕುಡಿಯುತ್ತಿದ್ದ ಆ ಮನುಷ್ಯನಿಗೆ ಯಾವುದು ಹೆಚ್ಚು ಗುಣ ಕೊಟ್ಟಿತೋ ಹೇಳಲಾರೆ. ಸುದ್ದಿ ಮುಗಿದ ಮೇಲೆ ಹೆಂಡತಿ ನೀಲಮ್ಮನವರು ಒಳಗೆ ಹೋದರೆ, "ಮುಂದಿನ ವಾರ ಒಂದ ಚಮಚಾ ರಂಜಕ ಕಟ್ಟಿಸಿಕೊಂಡ ಬಾರೋ" ಎಂದು ಪಿಸುಗುಡುತ್ತಿದ್ದರು. ಕೆಂಪು ಮೆಣಸಿನಕಾಯಿಯ ಆ ರಂಜಕವೇ ಅವರ ಪಾಲಿಗೆ ಕೈಲಾಸ.

ಈ ರವಿವಾರದ ಸುದ್ದಿ ಮಿಲ್ಲಿನ ದೊಡ್ಡ ಸಾಹೇಬರ ಕಿವಿಗೆ ಬಿತ್ತು. ಒಂದು ದಿನ ಯಾವುದೋ ಕಾಗದಕ್ಕೆ ಸಹಿ ಮಾಡಿಸಲು ಹೋದಾಗ, "ಪ್ರತಿ ವಾರ ಹಳಿಯಾಳಕ್ಕೆ ಹೋಗುತ್ತೀಯಂತೆ" ಎಂದರು. ಹೌದು ಎಂದೆ. ಜೊತೆಗೆ ಚಹ ಕುಡಿಯುತ್ತಿದ್ದ ಇನ್ನಿಬ್ಬರ ಕಡೆ ಕಣ್ಣು ಮಿಟುಕಿಸಿ, "ವೇಟಿಂಗ್ ಫಾರ್ ಎ ಡೆಡ್ ಮ್ಯಾನ್ಸ್ ಶೂಸ್?" ಎಂದರು. ನಾನು ಮ್ಯಾಟ್ರಿಕ್ ಪಾಸಾದವನು. ಒಂದೊಂದು ಶಬ್ದವೂ ಗೊತ್ತಿತ್ತು. ಸತ್ತವನ ಬೂಟಿಗೆ ಕಾಯುತ್ತಿದ್ದೀಯಾ ಎಂದು ಕೇಳುತ್ತಿದ್ದಾರೆ. ಎಲಾ, ಕಾಯಿಲೆಯವರ ಮನೆಯಿಂದ ನಾನೇನು ಚಪ್ಪಲಿ ಹೊಡೆದುಕೊಂಡು ಬರುವವನೇ ಎಂದು ಗಾಬರಿಯಾಗಿ, ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ: "ಇಲ್ಲ ಸರ್, ಅವರು ಬದುಕಿದ್ದಾರೆ. ಅಲ್ಲದೆ ಅವರ ಕಾಲು ಆರನೆಯ ನಂಬರು, ನನ್ನದು ಒಂಬತ್ತು."

ಆಗಲೇ ಆ ನಗು.

ಅರ್ಥ ತಿಳಿದದ್ದು ಸಂಜೆ. ನಮ್ಮ ಚಾಳಿನಲ್ಲಿದ್ದ ಸಾಲಿ ಮಾಸ್ತರರ ದಪ್ಪ ನಿಘಂಟನ್ನು ಇಸಿದುಕೊಂಡು ಬೂಟಿನ ಶಬ್ದ ತೆಗೆದೆ. ಮೇಲಿನವನು ಸತ್ತರೆ ಅವನ ಹುದ್ದೆ ತನಗೆ ಬಂದೀತೆಂದು ಬಾಯಿ ತೆರೆದು ಕುಳಿತಿರುವುದು ಎಂದು ಬರೆದಿತ್ತು. ಓದಿದವನೇ ನಿಘಂಟನ್ನು ಮುಚ್ಚಿದೆ. ಮುಚ್ಚಿದ ಸದ್ದಿಗೆ ಮಾಸ್ತರರು, "ಸಾವಕಾಶ್ರೀ, ಅದು ಸಾಲೀದು" ಎಂದರು.

ಎಂಥ ಮಾತು ನೋಡಿ ಇದು. ಮನುಷ್ಯ ಉಸಿರಾಡುತ್ತಿರುವಾಗಲೇ ಅವನನ್ನು ಸತ್ತವನೆಂದು ಕರೆದಾಯಿತು. ಕಾಯಿಲೆ ನೋಡಲು ಹೋದವನನ್ನು ಹದ್ದು ಮಾಡಿದ್ದಾಯಿತು. ಹುದ್ದೆಯೊಂದನ್ನು ಮೆಟ್ಟಿಗೆ ಇಳಿಸಿದ್ದೂ ಆಯಿತು. ಆರು ಶಬ್ದಗಳಲ್ಲಿ ಇಷ್ಟೊಂದು ಅನ್ಯಾಯ ಮಾಡಬಲ್ಲ ಭಾಷೆಗೆ ಇಡೀ ಭೂಮಿಯನ್ನು ಆಳಿದ್ದು ಹೆಚ್ಚಲ್ಲ. ನಮ್ಮಲ್ಲೂ ಕಾಯುವುದಿದೆ. ತಾಳಿದವನು ಬಾಳಿಯಾನು ಎನ್ನುತ್ತೇವೆ. ಗಮನಿಸಿ, ಇಲ್ಲಿ ಕಾದವನು ಬಾಳುತ್ತಾನೆಯೇ ಹೊರತು ಇನ್ನೊಬ್ಬ ಸಾಯಬೇಕೆಂಬ ಕರಾರಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತೇವೆ. ಸೊಸೆಯ ಕಾಲ ಬಂದರೂ ಅತ್ತೆ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತ ಗೊಣಗಿಕೊಂಡಿರಲು ಯಾರ ಅಡ್ಡಿಯೂ ಇಲ್ಲ. ಇನ್ನು ಪಾದರಕ್ಷೆಯ ಮಾತೇ ಬೇಕೆಂದರೆ, ಇಡೀ ರಾಜ್ಯ ತಾನಾಗಿ ಕೈಗೆ ಬಂದಾಗ ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ತಾನು ಕೆಳಗೆ ಕುಳಿತ ತಮ್ಮನ ಕತೆ ನಮ್ಮ ಅಡಿಗೆಮನೆಗಳಲ್ಲೂ ಗೊತ್ತು. ಆ ತಮ್ಮನ ಕಾಲಿನ ನಂಬರು ಎಷ್ಟೆಂದು ಇಷ್ಟು ಸಾವಿರ ವರ್ಷಗಳಲ್ಲಿ ಯಾರೂ ಕೇಳಿಲ್ಲ. ನಮ್ಮ ಕಡೆ ಕಾಲ್ಮರಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಾರೆ. ಬೂಟುಗಾಲಿನಲ್ಲಿ ಮನೆಯೊಳಗೆ ನಡೆಯುವವರ ಮಾತಿನೊಳಗೂ ಬೂಟು ನಡೆದಾಡುವುದು ಸಹಜವೇ ಇರಬೇಕು.

ಅದೂ ಹೋಗಲಿ, ನಮ್ಮ ಸಾಹೇಬರು ಅಂದು ಮೆಟ್ಟಿ ಕುಳಿತದ್ದು ಯಾರ ಬೂಟು? ಬಿಳಿಯರು ದೇಶ ಬಿಡುವಾಗ ಬಿಟ್ಟುಹೋದದ್ದು. ಅಳತೆ ದೊಡ್ಡದಾಗಿ, ಒಳಗೆ ಅರಳೆ ತುಂಬಿಕೊಂಡು ಟಕಟಕ ನಡೆಯುತ್ತಿದ್ದರು. ಅಂಥವರು ನನಗೆ ಬೂಟಿನ ಮಾತಾಡಬೇಕೇ? ಈ ಉತ್ತರ ನನಗೆ ಹೊಳೆದದ್ದು ನಾಲ್ಕು ದಿನ ತಡವಾಗಿ. ಟೈಮ್ ಆಫೀಸಿನವನ ಬುದ್ಧಿಗೂ ಹಾಜರಿ ತಪ್ಪುತ್ತದೆ.

ಇಷ್ಟೆಲ್ಲ ಹಾರಾಡಿದ ಮೇಲೆ ನಿಮ್ಮ ಹತ್ತಿರ ಒಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ಹೆಡ್ ಕ್ಲಾರ್ಕರಿಗೆ ಮಿಲ್ಲಿನವರು ಕೊಡುವ ಮನೆಗೆ ಎರಡು ಕೋಣೆ, ಒಳಗೇ ನಳ. ನಮ್ಮ ಚಾಳಿನ ಇಪ್ಪತ್ತು ಮನೆಗೆ ಒಂದು ನಳ. ನನ್ನ ಹೆಂಡತಿ ಬಸುರಿ. ಕೊಡ ಹಿಡಿದು ಸರತಿಯಲ್ಲಿ ನಿಂತು ನಿಂತು ಅವಳ ಕಾಲು ಬಾತಿದ್ದವು. ಸಾಹೇಬರ ಆ ಮಾತಿಗೂ ಮೊದಲು, ಒಂದು ರವಿವಾರ ಬಸ್ಸಿನಲ್ಲಿ, ಬೇರಿನ ಪೊಟ್ಟಣ ತೊಡೆಯ ಮೇಲಿರುವಾಗಲೇ, ಒಂದು ವೇಳೆ ಇವರು ಏಳದಿದ್ದರೆ ಎಂಬ ವಿಚಾರ ಬಂತು. ಅದರ ಬೆನ್ನಿಗೇ ಆ ನಳ ಬಂತು. ನಾನು ಕೂಡಲೇ ಕಿಟಕಿಯ ಹೊರಗೆ ನೋಡಿದೆ, ಹೊರಗೆ ನೋಡಿದರೆ ಒಳಗಿನದು ಹೋಗುತ್ತದೆಯೇ. ಸಾಹೇಬರ ಮಾತು ನನ್ನನ್ನು ಅಷ್ಟು ಉರಿಸಿದ್ದು ಯಾಕೆಂದು ಈಗ ನಿಮಗೆ ತಿಳಿದಿರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು.

ಸಾಹೇಬರು ನಕ್ಕ ಮುಂದಿನ ರವಿವಾರ ಹಳಿಯಾಳಕ್ಕೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಬೇರನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದೆ. ನಾಲ್ಕು ಜನ ಏನೆನ್ನುವರೋ ಎಂಬ ಹೆದರಿಕೆಗೆ ಮಾನ ಎಂದು ಹೆಸರಿಟ್ಟುಕೊಂಡು ಮನೆಯಲ್ಲಿ ಕುಳಿತೆ. ಇದೇ ಹೊತ್ತಿಗೆ ಸಾಹೇಬರು, ಗುರುಸಿದ್ದಪ್ಪ ಬರುವವರೆಗೆ ಅವರ ಕೆಲಸವನ್ನೂ ನೀನೇ ನೋಡು ಎಂದು ನನ್ನನ್ನು ಅವರ ಖುರ್ಚಿಯಲ್ಲಿ ಕೂಡ್ರಿಸಿದರು. ಮೂರನೆಯ ವಾರ ಒಂದು ಪೋಸ್ಟ್ ಕಾರ್ಡು ಬಂತು. ನಡುಗುವ ಅಕ್ಷರ, ಎರಡೇ ಸಾಲು: "ತಮ್ಮಾ, ನನ್ನ ಖುರ್ಚಿಯೊಳಗ ಕುಂತೀ ಅಂತ ಕೇಳಿದೆ. ಅದರ ಎಡಗಡೀ ಹಿಂದಿನ ಕಾಲ ಅಳ್ಳಾಡತೈತಿ, ಹುಷಾರ್‌ಲೆ ಕುಂದರು."

ಮಾತಿನ ಬಲೆ ಹೇಗಿತ್ತು ನೋಡಿ. ಹೋದರೆ ಬೂಟಿಗೆ ಕಾಯುವವನು, ಹೋಗದಿದ್ದರೆ ಬೂಟು ಹಾಕಿಕೊಂಡೇಬಿಟ್ಟವನು. ಇಂಗ್ಲಿಷಿನ ಮೇಲಿನ ಸಿಟ್ಟೆಲ್ಲ ಅಂದು ನನ್ನ ಮೇಲೇ ತಿರುಗಿತು.

ರವಿವಾರ ಮೊದಲನೆಯ ಬಸ್ಸಿಗೇ ಹೋದೆ. ಬಾಗಿಲಲ್ಲಿ ನೀಲಮ್ಮನವರು, "ಬರ್ರಿ, ದಾರಿ ನೆನಪಾತೇನ್ರಿ? ಎರಡ ವಾರ ಬಾಗಲಾ ನೋಡಿ ನೋಡೇ ಅವರ ಕಣ್ಣ ಮತ್ತಷ್ಟ ಹಳದಿ ಆದೂ" ಎಂದರು. ಗುರುಸಿದ್ದಪ್ಪನವರು ಗೋಡೆಗೆ ಒರಗಿ ಕುಳಿತಿದ್ದರು. ಇನ್ನಷ್ಟು ಇಳಿದಿದ್ದರು. ನಾನು ಕುಳಿತವನೇ ಎಲ್ಲವನ್ನೂ ಹೇಳಿಬಿಟ್ಟೆ. ಸಾಹೇಬರ ಮಾತು, ಬೂಟಿನ ನಂಬರು, ನಿಘಂಟು. ಕೊನೆಗೆ, ಧ್ವನಿ ಇಳಿಸಿ, ಬಸ್ಸಿನಲ್ಲಿ ನೆನಪಾದ ನಳವನ್ನೂ ಹೇಳಿದೆ.

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ, "ನಳಾ ಖರೇನ ಛಲೋ ಐತಿ. ಬೆಳಗ ಐದಕ್ಕ ನೀರ ಬರತೈತಿ" ಎಂದರು.

ನಾನು ತಂದ ಬೇರಿನ ಪೊಟ್ಟಣವನ್ನು ಅವರ ಪಕ್ಕಕ್ಕೆ ಸರಿಸಿದೆ.

"ಇಲ್ಲಿ ಕೇಳು. ಮಿಲ್ಲಿಗೆ ಬರೂಕಿಂತ ಮೊದಲ ನಾ ಕಟಿಗಿ ಡಿಪೋದಾಗ ಇದ್ದೆ. ಅಲ್ಲಿ ನನ್ನ ಮ್ಯಾಲಿನವರಿಗೆ ಕೆಮ್ಮ. ಅವರು ಕೆಮ್ಮಿದಾಗೊಮ್ಮೆ ನಾ ಕ್ಯಾಲೆಂಡರ್ ನೋಡ್ತಿದ್ದೆ. ಒಂದ ದಿನ ನನಗ ನಾಚಿಕಿ ಬಂತು. ನಾಚಿಕಿ ಬಂತಂತ ಅವರ ಮನೀಗೆ ಹೋಗೂದ ಬಿಟ್ಟೆ. ಅವರು ಹೋದ್ರು. ಖುರ್ಚಿ ನನಗ ಬಂತು. ಅವರ ಕೂಡ ಮಾತಾಡೂದು ಹಂಗ ಉಳೀತು." ಗೋಡೆಗೆ ಸರಿಯಾಗಿ ಒರಗಿಕೊಂಡು, "ಕಾಯೂದ ಎಲ್ಲಾರೂ ಕಾಯ್ತಾರ. ನೀ ಕಾಯೂದಿದ್ರ ಇಲ್ಲೇ ಬಂದ ಕಾಯಿ. ಅಲ್ಲಿ ಕುಂತ ಕಾದ್ರ ನನಗ ಹೊತ್ತ ಹೋಗೂದು ಹೆಂಗ?" ಎಂದರು.

ಮಾಸ್ತರರ ಆ ದಪ್ಪ ನಿಘಂಟನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದರೂ ಇಂಥದೊಂದು ಮಾತು ಸಿಗಲಿಕ್ಕಿಲ್ಲ. ನೀಲಮ್ಮನವರು ಒಳಗಿನಿಂದಲೇ, "ಊಟಾ ಮಾಡ್ಕೊಂಡ ಕಾಯಲಿ" ಎಂದರು.

ಆಮೇಲೆ ಒಂದು ರವಿವಾರವನ್ನೂ ತಪ್ಪಿಸಲಿಲ್ಲ. ಯಾರಾದರೂ ಎಲ್ಲಿಗೆ ಎಂದು ಕೇಳಿದರೆ, ಹೆಡ್ ಕ್ಲಾರ್ಕರ ಬೂಟು ಕಾಯಲಿಕ್ಕೆ ಎಂದು ನಾನೇ ಹೇಳಿಬಿಡುತ್ತಿದ್ದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಗುರುಸಿದ್ದಪ್ಪನವರ ಉಗುರು ಬೆಳ್ಳಗಾಯಿತು. ಡಾಕ್ಟರು ಡ್ಯೂಟಿಗೆ ಹೋಗಲು ಒಪ್ಪಿದರು, ನೀಲಮ್ಮನವರು ಅರ್ಧ ಚಮಚ ರಂಜಕಕ್ಕೆ ಒಪ್ಪಿದರು. ನಮ್ಮ ಮಗಳು ಆ ಚಾಳಿನಲ್ಲೇ ಹುಟ್ಟಿದಳು. ನೀರಿನ ಸರತಿಗೆ ಕೊಡ ಹಿಡಿದು ನಾನು ನಿಲ್ಲತೊಡಗಿದೆ. ಇದನ್ನು ಮೊದಲೇ ಮಾಡಬಹುದಾಗಿತ್ತೆಂದು ಹೆಂಡತಿ ಹೇಳಿದಳು.

ಗುರುಸಿದ್ದಪ್ಪನವರನ್ನು ತಿರುಗಿ ದಾಂಡೇಲಿಗೆ ಕರೆತರಲು ನಾನೇ ಹೋಗಿದ್ದೆ. ಸಂಜೆಯ ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ, "ಒಂದ ಸೀಟ ಐತ್ರೀ, ಯಾರ ಕುಂದರತೀರಿ?" ಎಂದ. ಅವರನ್ನು ಕೂಡ್ರಿಸಿ ನಾನು ಮೇಲಿನ ಕಂಬಿ ಹಿಡಿದು ನಿಂತೆ. ಊರು ದಾಟುವ ಮೊದಲೇ ಅವರು ನಿದ್ದೆ ಹೋದರು. ಕಾಡಿನ ದಾರಿಯ ತಿರುವು ತಿರುವಿಗೂ ಒಬ್ಬರ ಮೇಲೊಬ್ಬರು ಬೀಳುತ್ತ, ಯಾರದೋ ಕೋಳಿಯ ಬುಟ್ಟಿ ಮೊಣಕಾಲಿಗೆ ತಿವಿಯುತ್ತ, ಈ ಮನುಷ್ಯ ಒಮ್ಮೆ ಎದ್ದು ನೀ ಕುಂದರು ತಮ್ಮಾ ಎನ್ನಬಾರದೇ ಎಂದು ದಾಂಡೇಲಿಯ ದೀಪ ಕಾಣುವವರೆಗೂ ಅವರ ಮುಖವನ್ನೇ ನೋಡಿದೆ. ಅವರು ಗೊರಕೆ ಹೊಡೆಯುತ್ತಿದ್ದರು. ಗುರುಸಿದ್ದಪ್ಪನವರ ಜಾಗಕ್ಕೆ ನಾನು ಪೂರ್ಣ ಮನಸ್ಸಿನಿಂದ, ಒಂದಿಷ್ಟೂ ನಾಚಿಕೆಯಿಲ್ಲದೆ ಕಾದದ್ದು ಆ ಒಂದು ತಾಸು.