ಮೋಟಾರ್ ಸೈಕಲ್ಲೂ ನಮ್ಮ ಎಮ್ಮೆಯೂ

ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸಿ, ಮೊಣಕಾಲ ನಡುವೆ ತಂಬಿಗೆ ಇಟ್ಟುಕೊಂಡು ಕೂತಾಗ ಲೋಕದಲ್ಲಿ ಯಾರೂ ಸದ್ದು ಮಾಡಬಾರದು ಅನ್ನುವವಳು ನಾನು. ಎಮ್ಮೆ ಬೆದರಿದರೆ ಇಳಿಸಿದ ಹಾಲನ್ನೂ ಮೇಲಕ್ಕೆ ಎಳೆದುಕೊಂಡುಬಿಡುತ್ತದೆ. ತೊಂಬತ್ತರ ದಶಕದ ಮಾತು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಯಜಮಾನರ ಒಂಟಿ ಸಿಲಿಂಡರಿನ ಹಳೇ ಮೋಟಾರ್ ಸೈಕಲ್ಲು ಬಾಗಿಲಿಗೆ ಬಂದು, ಸೈಲೆನ್ಸರಿನಿಂದ ಢಂ ಎನ್ನುತ್ತಿತ್ತು. ಎಮ್ಮೆ ತಂಬಿಗೆಯನ್ನು ಒದೆಯುತ್ತಿತ್ತು.

“ಈ ಎಮ್ಮೆಗೆ ಹುಚ್ಚು ಕಣೇ. ಕೆ.ಆರ್. ಪೇಟೆ ಸಂತೇಲಿ ಮಾರ್ಬುಡಾನ,” ಅಂದರು ಯಜಮಾನರು.

“ಕರುವಿಂದ ಸಾಕಿವ್ನಿ. ಗುಂಡು ಹಾರಿಸ್ಕಂಡು ಬರೋದು ಅದಲ್ಲ, ನಿಮ್ಮ ಗಾಡಿ. ಮಾರೋದಾದ್ರೆ ಅದ್ನ ಮಾರಿ!”

ಪಾಂಡವಪುರದ ಮೆಕ್ಯಾನಿಕ್ಕು ಪ್ಲಗ್ಗು ಉಜ್ಜಿದ, ಕಾರ್ಬುರೇಟರ್ ತೊಳೆದ, ಸೈಲೆನ್ಸರಿನ ಬುಡ ಬಿಗಿಮಾಡಿದ, ಪೇಟೆಬೀದಿಯಲ್ಲಿ ಓಡಿಸಿ ಸರಿಹೋಯಿತು ಅಂದ. ಅಲ್ಲಿ ಸದ್ದಿಲ್ಲ, ನಮ್ಮ ಬಾಗಿಲಿಗೆ ಬಂದರೆ ಮತ್ತೆ ಢಂ. ಹೊರಗೆ ಸಂಭಾವಿತರಾಗಿದ್ದು ಮನೆಯಲ್ಲಿ ಎಗರಾಡುವ ಗಂಡಸರ ಗುಣ ಯಂತ್ರಕ್ಕೂ ಅಂಟಿತೇ ಎಂದುಕೊಂಡು, ಪತ್ತೆಮಾಡಲು ಒಂದು ದಿನ ನಾನೇ ಹಿಂದೆ ಕೂತೆ.

ನಾಲೆ ಏರಿಯ ಇಳಿಜಾರು ಬಂದದ್ದೇ ತಡ, ಯಜಮಾನರ ಕೈ ಕೀಲಿ ತಿರುಗಿಸಿ ಆಫ್ ಮಾಡಿತು. ಪೆಟ್ರೋಲು ಉಳಿಸಲು ನಮ್ಮ ಕಡೆ ಎಲ್ಲರೂ ಮಾಡುವುದೇ ಹೀಗೆ: ಗೇರಿನಲ್ಲೇ ಉರುಳಿಕೊಂಡು ಇಳಿದು, ಕೆಳಗೆ ಬಂದು ಆನ್ ಮಾಡುವುದು. ನಮ್ಮ ಮನೆ ಇರುವುದು ಆ ಇಳಿಜಾರಿನ ಬುಡದಲ್ಲಿ. ಆನ್ ಮಾಡಿದರು, ಢಂ!

ಇಂಜಿನ್ನು ತಿಳಿಯದಿದ್ದರೂ ಒಲೆ ತಿಳಿದವಳು ನಾನು. ಹಸಿ ಸೌದೆ ಹೊತ್ತದೆ ಒಲೆಯ ತುಂಬ ಹೊಗೆ ಕಟ್ಟಿದಾಗ ಕಿಡಿ ತಗುಲಿದರೆ ಭುಗ್ಗೆಂದು ಮುಖಕ್ಕೇ ಬರುತ್ತದೆ. ಇದೂ ಅಷ್ಟೇ, ಕಿಡಿಯಿಲ್ಲದೆ ತಿರುಗುವ ಇಂಜಿನ್ನು, ಉರಿಯದ ಪೆಟ್ರೋಲನ್ನು ಸೈಲೆನ್ಸರಿಗೆ ತಳ್ಳುತ್ತಿತ್ತು. ಕೆಳಗೆ ಬಂದು ಕೀಲಿ ತಿರುಗಿಸಿದೊಡನೆ ಅದಕ್ಕೆ ಕಿಡಿ ತಗುಲುತ್ತಿತ್ತು.

“ನಾಳೆಯಿಂದ ಇಳಿಜಾರ್ನಲ್ಲಿ ಕೀಲಿ ಮುಟ್ಬೇಡಿ.”

“ಪೆಟ್ರೋಲು ನಿಮ್ಮಪ್ಪ ಕೊಟ್ಟಾನಾ?”

“ಒದ್ದು ಚೆಲ್ಲಿದ್ ಹಾಲ ನಿಮ್ಮವ್ವ ಬಂದು ತುಂಬ್ಕೊಟ್ಟಾಳಾ?”

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಮಾರನೆಯ ಸಂಜೆ ಢಂ ಇಲ್ಲ, ಸಂತೆಯ ಮಾತೂ ಇಲ್ಲ.

ನೋಡಿ, ಉಳಿಸಿದೆವು ಅಂದುಕೊಂಡದ್ದೆಲ್ಲ ಉಳಿದಿರುವುದಿಲ್ಲ. ಎಲ್ಲೋ ಕೊಳವೆಯ ಕತ್ತಲಲ್ಲಿ ಕೂತು ಕಿಡಿಗೆ ಕಾಯುತ್ತಿರುತ್ತದೆ. ದಾರಿಯುದ್ದಕ್ಕೂ ಮಾತು ಉಳಿಸಿಕೊಂಡು ಬಂದು ಹೊಸ್ತಿಲಲ್ಲಿ ಸಿಡಿಯುವ ಜನರೂ ಹಾಗೆಯೇ. ಇಳಿಯುವಾಗಲೂ ಒಂದಿಷ್ಟು ಉರಿಯುತ್ತಲೇ ಇಳಿಯುವುದು ವಾಸಿ.

ಆಮೇಲಾಮೇಲೆ ಆ ಗಾಡಿಯ ಡುಬ್ ಡುಬ್ ಸದ್ದು ಕಿವಿಗೆ ಬಿದ್ದರೇ ಎಮ್ಮೆ ಹಾಲು ಇಳಿಸುತ್ತಿತ್ತು. ಯಜಮಾನರು ಬರುವುದು ತಡವಾದ ಸಂಜೆ, ತಂಬಿಗೆ ಹಿಡಿದ ನಾನೂ ಕೆಚ್ಚಲು ಬಿಗಿದ ಅದೂ, ಇಬ್ಬರೂ ನಾಲೆ ಏರಿಯ ಕಡೆಗೆ ಕಿವಿಗೊಟ್ಟು, ಯಾವಾಗ ಸದ್ದಾದೀತೋ ಎಂದು ಕಾಯುತ್ತಿದ್ದೆವು.