ಬ್ರೇಕ್ ಮೇಷ್ಟ್ರ ಬಾಹ್ಯಾಕಾಶ ಸವಾರಿ

ನಮ್ಮ ಭಾವನ ಬಾಯಿಂದ ಒಂದು ಹೊಗಳಿಕೆ ಹೊರಡಿಸುವುದೂ ಒಂದೇ, ಕಲ್ಲಿನಿಂದ ನಾರು ತೆಗೆಯುವುದೂ ಒಂದೇ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಅನುಭವದ ಮೇಲೆ ಹೇಳುತ್ತಿದ್ದೇನೆ. ಅವರು ನನ್ನ ಅಕ್ಕನ ಗಂಡ. ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಅದರ ಮುಂದಿನ ಕೋಣೆಯಲ್ಲಿ ಕೂತು ಫೋನ್ ಎತ್ತುವುದು, ಕಲಿಯಲು ಬಂದವರ ನಡುಕ ಇಳಿಸುವುದು ನನ್ನ ಕೆಲಸ. ನನಗೆ ಕಾರು ಕಲಿಸಿದವರೂ ಅವರೇ. ಲೈಸೆನ್ಸ್ ಸಿಕ್ಕಿದ ದಿನ ಕುಣಿದಾಡುತ್ತ ಬಂದು ತೋರಿಸಿದರೆ, "ತಿರುವಿನಲ್ಲಿ ಕನ್ನಡಿ ನೋಡಲಿಲ್ಲ ನೀನು" ಅಂದರು. ನನಗೆ ಸಿಕ್ಕ ಅಭಿನಂದನೆ ಅಷ್ಟೇ.

ಊರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಅನ್ನುತ್ತದೆ. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅವರ ಪಾದ ಸದಾ ಅದರ ಮೇಲೆ. ಪಾಠದ ಉದ್ದಕ್ಕೂ ತುಟಿ ಬಿಚ್ಚುವುದಿಲ್ಲ. ಕೈ ಮೊಣಕಾಲ ಮೇಲೆ, ಕಣ್ಣು ರಸ್ತೆಯ ಮೇಲೆ. ಕಾರು ನಿಂತ ಮೇಲೆ ತಪ್ಪುಗಳನ್ನು ಒಂದೊಂದಾಗಿ ಹೇಳಿ, ಬಾಗಿಲು ತೆಗೆದು ಇಳಿದು ಹೋಗುತ್ತಾರೆ. ಸರಿಯಾಗಿ ಮಾಡಿದ್ದರ ಸುದ್ದಿಯೇ ಇಲ್ಲ. "ಸರಿ ಇದ್ದಿದ್ದು ಸರಿ ಇದೆಯಲ್ಲ, ಅದನ್ನೇನು ಹೇಳೋದು?" ಅನ್ನುವುದು ಅವರ ವಾದ. ಎಷ್ಟೋ ಹುಡುಗಿಯರು ಅತ್ತುಕೊಂಡು ನನ್ನ ಮೇಜಿನ ಮುಂದೆ ಕೂತಿದ್ದಾರೆ. ನಾನು ನೀರು ಕೊಟ್ಟು ಕಳಿಸಿದ್ದೇನೆ. ತಮಾಷೆಯೆಂದರೆ ಅವರೆಲ್ಲ ತಮ್ಮ ತಂಗಿಯರನ್ನೂ ಇಲ್ಲಿಗೇ ಸೇರಿಸಿದ್ದಾರೆ. ಈ ಮನುಷ್ಯ ಬಾಯಿಮಾತಿಗೂ ಸುಳ್ಳು ಹೇಳುವುದಿಲ್ಲ ಅನ್ನುವ ಭರವಸೆ ಅವರಿಗೆಲ್ಲ.

ಈ ಭರವಸೆಯೇ ಮನೆಯಲ್ಲಿ ಒಂದು ಪೇಚಿಗೆ ಕಾರಣವಾಯಿತು.

ಅವರಿಗೆ ಒಬ್ಬಳೇ ಮಗಳು, ನಮ್ಮ ಪುಟ್ಟಿ. ವಿಡಿಯೋ ಗೇಮ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಆಟದೊಳಗಿನ ಪಾತ್ರಗಳು ಆಡುವ ಮಾತು ಬರೆಯುವವಳು. ಆ ಕಂಪನಿಯವರು ವರ್ಷಗಟ್ಟಲೆ ಮಾಡಿದ ಬಾಹ್ಯಾಕಾಶದ ಆಟ ಕೊನೆಗೂ ಹೊರಬಂತು. ಆಡುವವರು ಒಂದು ಹಡಗಿನ ಕ್ಯಾಪ್ಟನ್ ಆಗಿ, ಗ್ರಹದಿಂದ ಗ್ರಹಕ್ಕೆ ಹಾರಿ, ಜೊತೆಗಾರರನ್ನು ಕೂಡಿಸಿಕೊಂಡು, ಯಾರಿಗೆ ಏನು ಉತ್ತರ ಕೊಡಬೇಕೆಂದು ತಾವೇ ಆರಿಸಿಕೊಳ್ಳುತ್ತ ಹೋಗುವ ಆಟ. ಹೊರಬಂದ ವಾರವೇ ಜನ ಅದನ್ನು ಹಿಗ್ಗಾಮುಗ್ಗಾ ಬೈದರು. ಮಾತುಗಳಲ್ಲಿ ಜೀವವಿಲ್ಲ ಅಂತಲೂ ಯಾರೋ ಬರೆದರು. ಪುಟ್ಟಿ ಊಟ ಬಿಟ್ಟಳು, ನಗು ಬಿಟ್ಟಳು. ಏನಾಯಿತೆಂದು ಕೇಳಿದರೆ "ಏನಿಲ್ಲ, ಚೆನ್ನಾಗೇ ಇದ್ದೀನಿ" ಅನ್ನುತ್ತ ರೂಮು ಸೇರುತ್ತಿದ್ದಳು. ಆಟಕ್ಕೆ ಎರಡನೇ ಭಾಗ ಬರೆಯುತ್ತೀಯಾ ಅಂತ ಕಂಪನಿಯವರು ಕೇಳಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು.

ಅದಕ್ಕೆ ಒಂದು ವಾರ ಮೊದಲು ಅವಳು ಆಟದ ಪೆಟ್ಟಿಗೆಯನ್ನು ನಡುಮನೆಯ ಟಿವಿಗೆ ಜೋಡಿಸಿದಳು.

"ಅಪ್ಪಾ, ನೀನು ಇದನ್ನ ಪೂರ್ತಿ ಆಡು. ನಾನು ಯಾವುದನ್ನ ಬರೆದೆ ಅಂತ ಹೇಳಲ್ಲ, ಮಗಳು ಅಂತ ನೀನೂ ನೋಡಬೇಡ. ಭಾನುವಾರ ಹೇಳು. ನೀನು ಸರಿಯಿಲ್ಲ ಅಂದ್ರೆ ನಾನು ಬರೆಯೋದೇ ಬಿಟ್ಟುಬಿಡ್ತೀನಿ."

"ಸರಿ" ಅಂದರು ಭಾವ. ಯಾವ ತಂದೆಯಾದರೂ "ಹಾಗೆಲ್ಲ ಅನ್ನಬಾರದು ಕಣಮ್ಮಾ" ಅನ್ನುತ್ತಿದ್ದ. ನನ್ನ ರಕ್ತ ಕುದಿಯಿತು.

ಪುಟ್ಟಿ ನನಗೊಬ್ಬಳಿಗೇ ಗುಟ್ಟು ಹೇಳಿದ್ದಳು. ಅವಳು ಬರೆದದ್ದು ಹಡಗಿನ ಮೆಕ್ಯಾನಿಕ್‌ಳ ಮಾತು. ತಲೆ ನರೆತ, ಸದಾ ಗೊಣಗುವ ಹೆಂಗಸು. ಇಂಜಿನ್ ಕೋಣೆಯ ಮೂಲೆಯಲ್ಲಿ ಸ್ಪ್ಯಾನರ್ ಹಿಡಿದು ನಿಂತು ಹೋಗಿ ಬರುವವರನ್ನೆಲ್ಲ ಬೈಯುತ್ತಾಳೆ. ಬಾಯಿ ಬಿಡಬೇಡ ಚಿಕ್ಕಮ್ಮಾ ಅಂತ ಆಣೆ ಹಾಕಿಸಿಕೊಂಡಿದ್ದಳು.

ಪಾಠ ಮುಗಿಸಿ ಬಂದ ಮೇಲೆ ಸಂಜೆ ಹೊತ್ತು ಭಾವ ಆಡಲು ಕೂತರು, ಬೆನ್ನು ನೆಟ್ಟಗೆ ಮಾಡಿಕೊಂಡು, ಪರೀಕ್ಷೆಗೆ ಕೂತವರ ಹಾಗೆ. ಟೀ ಲೋಟ ಹಿಡಿದು ಪಕ್ಕದಲ್ಲಿ ನಾನು. ಆಟ ನೋಡಲು ಚೆಂದವೇ ಇತ್ತು. ಕೆಂಪು ಮರಳಿನ ಗ್ರಹದ ಮೇಲೆ ಎರಡು ಸೂರ್ಯ ಮುಳುಗುವುದನ್ನು ಭಾವ ಕೈಕಟ್ಟಿ ನೋಡಿದರು. ಅಕ್ಕನನ್ನೂ ಅಡುಗೆಮನೆಯಿಂದ ಕರೆದು ತೋರಿಸಿದರು. ಮೆಕ್ಯಾನಿಕ್ ಅಂತೂ ಮೊದಲ ದಿನವೇ ಅವರಿಗೆ ಗಂಟುಬಿದ್ದಳು. "ಹಡಗು ಇಳಿಸಿದ್ದಾ ಇದು, ಎತ್ತಿ ಬಿಸಾಕಿದ್ದಾ?" ಅಂತ ಅವಳು ಗದರಿದಾಗ ಭಾವ ಟಿವಿಗೆ ತಲೆಯಾಡಿಸಿ "ಹೇಳೋದು ಸರಿಯಾಗಿದೆ" ಅಂದರು. ಆಮೇಲೆ ಪ್ರತಿ ಪ್ರಯಾಣದ ನಂತರವೂ ಮೊದಲು ಇಂಜಿನ್ ಕೋಣೆಗೇ ಹೋಗಿ ಬೈಸಿಕೊಂಡು ಬರುತ್ತಿದ್ದರು. ನನಗೆ ಒಳಗೊಳಗೇ ಖುಷಿ.

ಎಡವಟ್ಟಾದದ್ದು ಗಣಿಗ್ರಹದಲ್ಲಿ. ಧೂಳಿನ ಬಿರುಗಾಳಿ ಎದ್ದು ಮೆಕ್ಯಾನಿಕ್ ಒಂದು ಸುರಂಗದಲ್ಲಿ ಸಿಕ್ಕಿಹಾಕಿಕೊಂಡಳು. ಕ್ಯಾಪ್ಟನ್ ಆರು ಚಕ್ರದ ಬಂಡಿ ಓಡಿಸಿಕೊಂಡು ಹೋಗಿ ಅವಳನ್ನು ಬಿಡಿಸಬೇಕು. ಅವಳ ಉಸಿರಿನ ಗಾಳಿ ಕಡಿಮೆಯಾಗುತ್ತಿದೆ, ಅದನ್ನು ತೋರಿಸುವ ಒಂದು ಪಟ್ಟಿ ಟಿವಿಯ ಮೂಲೆಯಲ್ಲಿ ಕರಗುತ್ತಿತ್ತು. ನಮ್ಮ ಮೇಷ್ಟ್ರು ಬಂಡಿ ಹತ್ತಿದರು. ಗಣಿ ಊರಿನ ರಸ್ತೆಯಲ್ಲಿ ಅದಿರು ಸಾಗಿಸುವ ಗಾಡಿಗಳಿಗೆಂದು ಅಂದಕ್ಕೆ ಇಟ್ಟ ಸಿಗ್ನಲ್ ದೀಪಗಳಿದ್ದವು. ಒಂದೊಂದು ಕೆಂಪು ದೀಪಕ್ಕೂ ಭಾವ ನಿಂತರು! ಇನ್ನೊಂದು ಗಾಡಿ ಅಲ್ಲಿ ಹುಡುಕಿದರೂ ಇಲ್ಲ.

"ಭಾವ, ಹೋಗಿ ಭಾವ, ಆಟ ಇದು!"

"ಕೆಂಪು ಅಂದ್ರೆ ಕೆಂಪೇ" ಅಂದರು.

ಅಷ್ಟರಲ್ಲಿ ರೇಡಿಯೋದಲ್ಲಿ ಮೆಕ್ಯಾನಿಕ್‌ಳ ದನಿ ಬಂತು. "ನಿಧಾನಕ್ಕೇ ಬಾ ಕ್ಯಾಪ್ಟನ್. ಇಲ್ಲಿ ಅಂಥ ಅವಸರವೇನಿಲ್ಲ. ನಾನು ಆರಾಮಾಗಿದ್ದೀನಿ."

ಕೇಳಿದ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ಅವಳು ಸಾಯುತ್ತಿದ್ದಾಳೆ, ಕ್ಯಾಪ್ಟನ್‌ಗೆ ಗಾಬರಿಯಾಗದಿರಲಿ ಅಂತ ಹಾಗೆ ಹೇಳುತ್ತಿದ್ದಾಳೆ. ಭಾವ ಮಾತ್ರ "ನೋಡಿದ್ಯಾ? ಅವಳೇ ಹೇಳ್ತಿದ್ದಾಳೆ" ಅಂತ ನನಗೇ ತಿರುಗಿಸಿ, ವೇಗ ಇನ್ನೂ ತಗ್ಗಿಸಿ, ಬಯಲಿನಲ್ಲಿ ಒಂದೊಂದು ಗುಂಡಿಯನ್ನೂ ಬಳಸಿಕೊಂಡು, ಸುರಂಗದ ಬಾಯಿಗೆ ಬಂದು ಅಚ್ಚುಕಟ್ಟಾಗಿ ಪಾರ್ಕ್ ಮಾಡಿದರು. ಒಳಗೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಉಸಿರಿರಲಿಲ್ಲ.

ಭಾವ ರಿಮೋಟನ್ನು ಮೇಜಿನ ಮೇಲಿಟ್ಟು ಎದ್ದು ಹೋದರು. ಎರಡು ದಿನ ಆಟದ ಕಡೆ ತಿರುಗಿಯೂ ನೋಡಲಿಲ್ಲ. ಕೊಟ್ಟ ಮಾತು ಅಂತ ಆಮೇಲೆ ಕೂತು ಹೇಗೋ ಮುಗಿಸಿದರು. ಮೆಕ್ಯಾನಿಕ್ಕೇ ಇಲ್ಲವಾದ ಮೇಲೆ ಪುಟ್ಟಿ ಬರೆದ ಮಾತುಗಳಲ್ಲಿ ಮುಕ್ಕಾಲು ಪಾಲು ಅವರ ಕಿವಿಗೆ ಬೀಳಲೇ ಇಲ್ಲ. ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ ಅನ್ನುವಂತಾಗಿತ್ತು ನನ್ನ ಅವಸ್ಥೆ.

ಭಾನುವಾರ ಮಧ್ಯಾಹ್ನ ಊಟದ ತಟ್ಟೆ ಎತ್ತಿದ ಮೇಲೆ ಪುಟ್ಟಿ ತಂದೆಯ ಎದುರು ಕುರ್ಚಿ ಎಳೆದುಕೊಂಡಳು. "ಹೇಳಪ್ಪ."

ಕಾರು ನಿಂತ ಮೇಲೆ ಹೇಳುವ ದನಿಯಲ್ಲೇ ಭಾವ ಶುರುಮಾಡಿದರು. "ಯಾವ ಗ್ರಹಕ್ಕೆ ಹೋದ್ರೂ ಒಳಗೆ ಅದೇ ಕೋಣೆ, ಅದೇ ಡಬ್ಬ, ಬಾಗಿಲಿನ ಬಣ್ಣ ಮಾತ್ರ ಬೇರೆ. ಲಿಫ್ಟ್ ಹತ್ತಿದ್ರೆ ಇಳಿಯೋ ಹೊತ್ತಿಗೆ ಯಾಕೆ ಹತ್ತಿದೆ ಅನ್ನೋದೇ ಮರೆತುಹೋಗತ್ತೆ. ಚೀಲದ ತುಂಬ ಬಂದೂಕು, ಯಾವುದು ಯಾವುದಕ್ಕಿಂತ ಮೇಲು ಅಂತ ನೋಡೋದ್ರಲ್ಲೇ ಸಂಜೆ ಮುಗಿಯತ್ತೆ. ಕಥೇಲಿ ಬರೋ ಆ ಸೇನಾಪತಿ ಅಳ್ತಾನೆ, ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ. ಕೊನೆ ಭಾಗವನ್ನ ಬಸ್ಸು ಹೊರಟುಹೋಗತ್ತೆ ಅನ್ನೋ ಹಾಗೆ ಮುಗಿಸಿದ್ದಾರೆ."

ಒಂದೂ ಸುಳ್ಳಲ್ಲ. ನಾನೂ ನೋಡಿದ್ದೆನಲ್ಲ. ಆದರೆ ಪುಟ್ಟಿಯ ಮುಖ ಬಾಡುತ್ತ ಹೋಯಿತು. ಮೇಜಿನ ಕೆಳಗೆ ಭಾವನ ಕಾಲನ್ನು ಒದೆಯೋಣ ಅಂತ ಹೋಗಿ ಅಕ್ಕನ ಕಾಲನ್ನು ಒದ್ದೆ.

"ಮತ್ತೆ... ಆ ಮೆಕ್ಯಾನಿಕ್?" ಅಂದಳು ಪುಟ್ಟಿ.

ಭಾವ ಕುರ್ಚಿ ಹಿಂದೆ ತಳ್ಳಿ ಎದ್ದರು. "ಅವಳ ವಿಷಯ ಮಾತ್ರ ಕೇಳಬೇಡ" ಅಂದವರೇ ಬಟ್ಟೆ, ಬಕೆಟ್ಟು ಹಿಡಿದು ಕಾರು ತೊಳೆಯಲು ಹೊರಟುಬಿಟ್ಟರು.

"ಅಷ್ಟು ಕೆಟ್ಟದಾಗಿದೆಯಾ ಚಿಕ್ಕಮ್ಮಾ?" ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ನನಗೆ ವಾಸಿಯಿತ್ತು. "ಬಿಡು, ನಾಳೆ ಆಗಲ್ಲ ಅಂದುಬಿಡ್ತೀನಿ. ಒಂದು ಭಾರ ಇಳೀತು."

ಆಣೆ ಗೀಣೆಯೆಲ್ಲ ಅಲ್ಲಿಗೆ ಮುಗಿಯಿತು. ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಅಂಗಳಕ್ಕೆ ಹೋದೆ. ಭಾವ ಆಗಲೇ ಹೊಳೆಯುತ್ತಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

"ಭಾವ, ಆ ಮೆಕ್ಯಾನಿಕ್ ವಿಷಯ ಏನು ಅಂತ ಬಾಯಿಬಿಟ್ಟು ಹೇಳಿ. ಈಗಲೇ."

ಭಾವ ಬಟ್ಟೆ ಹಿಂಡಿದರು. ತುಂಬ ಹೊತ್ತು ಹಿಂಡಿದರು. "ನಾನು ಅವಳನ್ನ ಸಾಯಿಸಿಬಿಟ್ಟೆ ಪುಟ್ಟಿ" ಅಂದರು. "ನಿಧಾನಕ್ಕೆ ಬಾ ಅಂದಳು. ನಾನು ನಂಬಿದೆ. ಇಷ್ಟು ವರ್ಷ ಅವಸರ ಮಾಡಿದ್ರೆ ಜೀವ ಹೋಗತ್ತೆ ಅಂತ ಎಲ್ಲರಿಗೂ ಹೇಳಿಕೊಟ್ಟೆ, ಅಲ್ಲಿ ನಾನು ನಿಧಾನ ಹೋಗಿದ್ದಕ್ಕೇ ಅವಳ ಜೀವ ಹೋಯ್ತು. ಆಮೇಲೆ ಹಡಗಿಗೆ ಬಂದ್ರೆ ಬೈಯೋರಿಲ್ಲ. ಆ ಮೂಲೆಗೆ ಹೋಗಿ ನಿಂತ್ಕೊಂಡೆ. ಮನೆಯವರೊಬ್ಬರು ಹೋದ ಹಾಗೆ ಆಯ್ತು ನೋಡು."

ಪುಟ್ಟಿ ಕಾರಿನ ಬಾಗಿಲು ಹಿಡಿದುಕೊಂಡಳು. "ಅಪ್ಪಾ, ಅವಳನ್ನ ಬರೆದಿದ್ದು ನಾನು."

ಭಾವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಎಂದೂ ಏರಿಸದ ದನಿ ಏರಿಸಿದರು. "ಗಾಳಿ ಮುಗೀತಿದೆ, ಬೇಗ ಬಾ ಅಂತ ಹೇಳಿಸೋಕೆ ಏನಾಗಿತ್ತು ನಿನಗೆ? ಆರಾಮಾಗಿದ್ದೀನಿ ಅಂದ್ರೆ ಎದುರಿಗಿರೋನಿಗೆ ಹೇಗಮ್ಮ ಗೊತ್ತಾಗಬೇಕು?"

"ಹಾಗೇ ಅಲ್ವೇನಪ್ಪ ಎಲ್ಲರೂ ಹೇಳೋದು" ಅಂದಳು ಪುಟ್ಟಿ. ಆಗ ಅವಳ ಕಣ್ಣಿಂದ ನೀರು ದಳದಳ ಇಳಿಯಿತು.

ಈ ವಾರಗಳಲ್ಲಿ ಮಗಳು ಎಷ್ಟು ಸಲ "ಚೆನ್ನಾಗೇ ಇದ್ದೀನಿ" ಅಂದಿದ್ದಳು ಅನ್ನುವುದು ಭಾವನಿಗೆ ಆ ಗಳಿಗೆಯಲ್ಲಿ ಹೊಳೆದಿರಬೇಕು. ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟರು. ಒದ್ದೆ ಕೈಯನ್ನೇ ಅವಳ ತಲೆಯ ಮೇಲಿಟ್ಟರು. ಆಮೇಲೆ "ಆ ಆಟದಲ್ಲಿ ಹಿಂದಕ್ಕೆ ಹೋಗಬಹುದಾ?" ಅಂತ ಕೇಳಿದರು.

ಹೋಗಬಹುದಿತ್ತು. ಎಲ್ಲರೂ ಟಿವಿ ಮುಂದೆ ಕೂತೆವು. ಅಕ್ಕನೂ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಬಂಡಿ ಹೊರಟಿತು. ಮೊದಲ ಕೆಂಪು ದೀಪ ಬಂದಾಗ ಭಾವನ ಪಾದ ನೆಲವನ್ನು ಒತ್ತುವುದು ನನಗೆ ಕಂಡಿತು. ಆದರೆ ಬೆರಳು ಸಡಿಲಿಸಲಿಲ್ಲ. ಕೆಂಪು ದಾಟಿದರು, ಇನ್ನೊಂದು ದಾಟಿದರು, ಗುಂಡಿಗಳ ಮೇಲೆ ಎಗರಿಸಿಕೊಂಡು ಹೋದರು. ಅಕ್ಕ "ಅಯ್ಯೋ ನಿಧಾನ!" ಅಂತ ಕಿರುಚಿದಳು. ಬಂಡಿ ಸುರಂಗದ ಗೋಡೆಗೆ ಡಿಕ್ಕಿ ಹೊಡೆದು ನಿಂತಿತು. ಒಳಗಿಂದ ಮೆಕ್ಯಾನಿಕ್ ಕೆಮ್ಮುತ್ತ ಹೊರಬಂದು, ನಜ್ಜುಗುಜ್ಜಾದ ಬಂಡಿಯನ್ನೂ ಕ್ಯಾಪ್ಟನ್ನನ್ನೂ ನೋಡಿ, "ಯಾವನಯ್ಯಾ ನಿನಗೆ ಗಾಡಿ ಓಡಿಸೋದು ಕಲಿಸಿದ್ದು?" ಅಂದಳು.

ಬ್ರೇಕ್ ಮೇಷ್ಟ್ರು ನಕ್ಕರು. ಭುಜ ಕುಲುಕಿಸಿಕೊಂಡು, ಕಣ್ಣು ಒರೆಸಿಕೊಂಡು ನಕ್ಕರು. ಆಟ ನಿಲ್ಲಿಸಿ ಮಗಳ ಕಡೆ ತಿರುಗಿದರು.

"ತುಂಬ ಚೆನ್ನಾಗಿ ಬರೆದಿದ್ದೀಯ ಪುಟ್ಟಿ. ಬಿಡಬೇಡ."

ಟಿವಿಯ ಶಬ್ದ ನಿಂತಿತ್ತು. ಕೋಣೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ.

"ಏನಂದೆ ಅಪ್ಪಾ? ಕೇಳಿಸಲಿಲ್ಲ" ಅಂದಳು ಪುಟ್ಟಿ.

ಭಾವ ಇನ್ನೊಂದು ಸಲ ಹೇಳಿದರು.